ಸೀಮೆಸುಣ್ಣದ ನೀರು

ನಾಟಕ ಶುರುವಾಗಿ ಹತ್ತು ನಿಮಿಷ ಆಗಿರಬಹುದು. ಬೀದಿಯಲ್ಲಿ ಗೋಲಿಯಾಡುತ್ತಿದ್ದ ಮಕ್ಕಳೆಲ್ಲ ಚದುರಿ, ಕಪ್ಪು ಹುಡುಗ ಜಿಮ್ ಮತ್ತು ಬಿಳಿಯ ಹುಡುಗಿ ಎಲಾ ಇಬ್ಬರೇ ಉಳಿದಿದ್ದರು. ಹುಡುಗ ಅತ್ತಿತ್ತ ನೋಡಿ, ದನಿ ತಗ್ಗಿಸಿ, ತಾನು ದಿನಕ್ಕೆ ಮೂರು ಹೊತ್ತು ಸೀಮೆಸುಣ್ಣ ಕದಡಿದ ನೀರು ಕುಡಿಯುತ್ತಿರುವುದಾಗಿಯೂ, ಬಿಡದೆ ಕುಡಿದರೆ ಮೈ ಬೆಳ್ಳಗಾಗುತ್ತದೆ ಎಂದು ಕ್ಷೌರದಂಗಡಿಯವನು ಹೇಳಿರುವುದಾಗಿಯೂ ಅವಳಿಗೆ ಗುಟ್ಟು ಬಿಟ್ಟುಕೊಟ್ಟ. ಉಡುಪಿಯ ಆ ಸಭಾಂಗಣದಲ್ಲಿದ್ದ ಇನ್ನೂರು ಚಿಲ್ಲರೆ ಜನ ಒಮ್ಮೆಲೇ ನಕ್ಕರು. ನಾನೂ ನಕ್ಕೆ. ನನ್ನ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಮಾತ್ರ ನಗಲಿಲ್ಲ. ಅವರು ಪಕ್ಕದಲ್ಲಿದ್ದ ಸೊಸೆಯ ಕಡೆಗೆ ಬಾಗಿ, ಅರ್ಥವಾಗದವರಿಗೆ ಅರ್ಥ ಬಿಡಿಸಿ ಹೇಳುವ ಧ್ವನಿಯಲ್ಲಿ, “ನಿನಗೆ ಬಸುರಿನಲ್ಲಿ ಕೇಸರಿ ಹಾಲು ಕೊಟ್ಟಿದ್ದೆವಲ್ಲ ಮಗಾ, ಅದೇ ಹಾಗೆ” ಎಂದರು.

ಆ ಮಾತು ಕಿವಿಗೆ ಬಿದ್ದ ಮೇಲೆ ನಾಟಕದ ಕಡೆಗಿದ್ದ ನನ್ನ ಗಮನದಲ್ಲಿ ಅರ್ಧ ಭಾಗ ನಾಟಕ ನೋಡುವವರ ಕಡೆಗೆ ತಿರುಗಿತು. ಅವರು ವ್ಯಂಗ್ಯವಾಗಿ ಆಡಿದ ಮಾತಲ್ಲ ಅದು. ಆ ಹುಡುಗನ ಕಷ್ಟವನ್ನು ಅವರು ತಮ್ಮ ಮನೆಯ ಅಡುಗೆಕೋಣೆಯಿಂದ ತಂದ ತಿಳಿವಳಿಕೆಯಲ್ಲಿ, ಯಾವ ತೊಡಕೂ ಇಲ್ಲದೆ ಗುರುತು ಹಿಡಿದಿದ್ದರು. ನಕ್ಕವರು ನಾವು ಗುರುತು ಹಿಡಿದಿರಲಿಲ್ಲ. ಅಥವಾ ಹಿಡಿದದ್ದರಿಂದಲೇ ನಕ್ಕೆವೇನೋ. ಮೂರು ವಾರಗಳ ಅನಂತರ ಅದೇ ನಾಟಕ ಮಂಗಳೂರಿನ ಪುರಭವನದಲ್ಲಿ ನಡೆದಾಗ, ಇದನ್ನು ಇನ್ನೊಮ್ಮೆ ನೋಡಬೇಕೆಂದೇ ಹೊರಟುಹೋಗಿ, ಸಭೆಯ ಮುಖಗಳು ಕಾಣುವ ಹಾಗೆ ಬದಿಯ ಸಾಲಿನಲ್ಲಿ ಜಾಗ ಹಿಡಿದೆ. ಈ ಬರಹ ಆ ಎರಡು ಸಂಜೆಗಳ ಪ್ರೇಕ್ಷಕರ ಬಗ್ಗೆ. ನಟನೆ, ಬೆಳಕು, ಸಂಗೀತದ ಬಗ್ಗೆ ಇಷ್ಟು ಹೇಳಿದರೆ ಸಾಕು: ದಿನದ ಕೆಲಸ ಮುಗಿಸಿ ರಾತ್ರಿ ಅಭ್ಯಾಸಕ್ಕೆ ಬರುವ ಬ್ಯಾಂಕಿನವರು, ಶಾಲಾ ಶಿಕ್ಷಕರು, ಕಾಲೇಜು ಹುಡುಗರು ಸೇರಿದ ಹವ್ಯಾಸಿ ತಂಡವೊಂದು ಇಂತಹ ನಾಟಕವನ್ನು ಕೈಗೆತ್ತಿಕೊಂಡದ್ದೇ ದೊಡ್ಡದು, ಮತ್ತು ಅವರು ಅದನ್ನು ಶ್ರದ್ಧೆಯಿಂದ ಆಡಿದರು.

ನಾಟಕ ಅಮೆರಿಕದ ಯೂಜೀನ್ ಓನೀಲ್ ಬರೆದ ‘ಆಲ್ ಗಾಡ್ಸ್ ಚಿಲ್ಲನ್ ಗಾಟ್ ವಿಂಗ್ಸ್’. ಒಟ್ಟಿಗೆ ಆಡಿ ಬೆಳೆದ ಜಿಮ್ ಮತ್ತು ಎಲಾ ದೊಡ್ಡವರಾಗಿ ಮದುವೆಯಾಗುತ್ತಾರೆ. ವಕೀಲನಾಗಬೇಕೆಂದು ಹಟ ತೊಟ್ಟ ಜಿಮ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋಲುತ್ತಾನೆ. ಅವನನ್ನು ಪ್ರೀತಿಸುವ ಎಲಾಳೇ ಅವನು ಗೆಲ್ಲಬಾರದೆಂದು ಒಳಗೊಳಗೆ ಬಯಸುತ್ತಾಳೆ, ಏಕೆಂದರೆ ಅವನು ಗೆದ್ದರೆ ತನ್ನ ಬಿಳಿಯ ಬಣ್ಣಕ್ಕೆ ಉಳಿದಿರುವ ಒಂದೇ ಒಂದು ಮೇಲ್ಮೆಯೂ ಹೋಗುತ್ತದೆ. ಈ ಇಬ್ಬಂದಿಯಲ್ಲಿ ಅವಳ ಮನಸ್ಸು ಕೆಡುತ್ತದೆ. ನಾಟಕದ ಮೊದಲ ದೃಶ್ಯಕ್ಕೆ ಓನೀಲ್ ಬರೆದಿರುವ ರಂಗಸೂಚನೆಯನ್ನು ಇಲ್ಲಿ ಹೇಳಬೇಕು. ಒಂದು ಬೀದಿಯಲ್ಲಿ ಬಿಳಿಯರು, ಇನ್ನೊಂದರಲ್ಲಿ ಕಪ್ಪು ಜನ. ದಾರಿಹೋಕರು ಆಡುವ ಮಾತುಗಳು ನಮಗೆ ಕೇಳಿಸುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ. ಆ ನಗುವಿನಲ್ಲೇ ಎರಡು ಜನಾಂಗಗಳ ವ್ಯತ್ಯಾಸ ತಿಳಿಯಬೇಕು. ಓದುವಾಗ ಇದೊಂದು ಸಾಮಾನ್ಯ ಸೂಚನೆಯೆಂದು ದಾಟಿ ಹೋಗಿದ್ದೆ. ಈಗ ಹಾಗೆ ದಾಟಲಾಗುವುದಿಲ್ಲ.

1924ರಲ್ಲಿ ನ್ಯೂಯಾರ್ಕಿನ ಪ್ರಾವಿನ್ಸ್‌ಟೌನ್ ಪ್ಲೇಹೌಸ್ ಎಂಬ ಚಿಕ್ಕ ರಂಗಮಂದಿರ ಈ ನಾಟಕವನ್ನು ಆಡಹೊರಟಾಗ ತೆರೆ ಏಳುವುದಕ್ಕೆ ತಿಂಗಳುಗಳ ಮೊದಲೇ ಗದ್ದಲ ಎದ್ದಿತ್ತು. ಜಿಮ್‌ನ ಪಾತ್ರಕ್ಕೆ ನಿಜವಾಗಿಯೂ ಕಪ್ಪು ನಟನೇ ಬರುತ್ತಾನೆ, ಕೊನೆಗೆ ಬಿಳಿಯ ನಟಿ ಅವನ ಕೈಗೆ ಮುತ್ತಿಡುತ್ತಾಳೆ ಎಂಬ ಸುದ್ದಿ ಪತ್ರಿಕೆಗಳಿಗೆ ಆಹಾರವಾಯಿತು. ಬೆದರಿಕೆಯ ಪತ್ರಗಳು ಬಂದವು. ಎಲಾಳ ಪಾತ್ರ ಮಾಡಿದವರು ಮೇರಿ ಬ್ಲೇರ್. ಜಿಮ್ ಆದವರು ಪಾಲ್ ರಾಬ್ಸನ್. ಪರೀಕ್ಷೆಯಲ್ಲಿ ಸೋಲುತ್ತಲೇ ಇರುವ ವಕೀಲ ವಿದ್ಯಾರ್ಥಿಯ ಪಾತ್ರ ವಹಿಸಿದ ರಾಬ್ಸನ್ ಸ್ವತಃ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ತೇರ್ಗಡೆಯಾದವರು. ಕಪ್ಪು ಮನುಷ್ಯ ಹೇಳಿದ್ದನ್ನು ತಾನು ಬರೆದುಕೊಳ್ಳುವುದಿಲ್ಲವೆಂದು ಕಚೇರಿಯ ಶೀಘ್ರಲಿಪಿಗಾರ್ತಿ ಹೇಳಿದ ಮೇಲೆ ಆ ವೃತ್ತಿಯನ್ನೇ ಬಿಟ್ಟುಬಂದವರು. ಮೇ 15ರಂದು ಪ್ರದರ್ಶನ ಆರಂಭವಾಗುವ ಹೊತ್ತಿಗೆ ನಗರದ ಮೇಯರ್ ಕಚೇರಿ ಮೊದಲ ದೃಶ್ಯದ ಬಾಲನಟರಿಗೆ ಅನುಮತಿ ನಿರಾಕರಿಸಿತು. ನಿರ್ದೇಶಕ ಜೇಮ್ಸ್ ಲೈಟ್ ವೇದಿಕೆಗೆ ಬಂದು ಆ ದೃಶ್ಯವನ್ನು ಪ್ರೇಕ್ಷಕರಿಗೆ ಓದಿ ಹೇಳಿದರು; ಉಳಿದದ್ದನ್ನು ನಟರು ಆಡಿದರು. ಎಲ್ಲರೂ ಅಂಜಿದ್ದ ಗಲಭೆ ಆಗಲಿಲ್ಲ.

ಕೈಗಿಡುವ ಮುತ್ತಿನ ಮೇಲೆ ಅಷ್ಟು ಕೂಗಾಡಿ, ಕೊನೆಗೆ ತಡೆದದ್ದು ಮಕ್ಕಳ ಆಟವನ್ನು ಎಂಬುದು ನನ್ನನ್ನು ಬಹಳ ಕಾಡಿದೆ. ಅನುಮತಿ ನಿರಾಕರಿಸುವುದಕ್ಕೆ ಕಾಯಿದೆಯ ನೆವ ಮಕ್ಕಳ ವಿಷಯದಲ್ಲಿ ಮಾತ್ರ ಸಿಕ್ಕಿತು ಎಂದು ಹೇಳಬಹುದು, ಅದು ನಿಜವೂ ಇರಬಹುದು. ಆದರೆ ನಾಟಕದ ಬೇರು ಇರುವುದು ಆ ದೃಶ್ಯದಲ್ಲಿಯೇ. ಎಂಟು ವರ್ಷದ ಹುಡುಗ ಸುಣ್ಣದ ನೀರು ಕುಡಿಯುತ್ತಾನೆ, ಅದೇ ಪ್ರಾಯದ ಹುಡುಗಿ ತಾನು ಕಪ್ಪಾಗಿದ್ದರೆ ಚೆನ್ನಾಗಿತ್ತು, ಇಬ್ಬರೂ ಬಣ್ಣ ಬದಲಾಯಿಸಿಕೊಳ್ಳೋಣ ಎನ್ನುತ್ತಾಳೆ. ದೊಡ್ಡವರು ಮುಂದೆ ಪಡುವ ಪಾಡೆಲ್ಲ ಇದರ ಹಿಂದೆ ಬರುವಂಥದ್ದು. ಆ ದೃಶ್ಯಕ್ಕೆ ನಾವು ಉಡುಪಿಯಲ್ಲಿ ನಕ್ಕೆವು, ಮಂಗಳೂರಿನಲ್ಲಿಯೂ ನಕ್ಕರು.

ನಮ್ಮ ತಂಡ ಯಾರ ಮುಖಕ್ಕೂ ಕಪ್ಪು ಬಳಿಯಲಿಲ್ಲ. ಜಿಮ್ ಆದ ಹುಡುಗ ಚೆನ್ನಾಗಿ ಬೆಳ್ಳಗಿದ್ದಾನೆ. ಎಲಾ ಆದ ಶಿಕ್ಷಕಿ ಅವನಿಗಿಂತ ಎರಡು ಪಾಲು ಕಪ್ಪು. ಬೇಕೆಂದೇ ಹಾಗೆ ಆರಿಸಿದ್ದಾಗಿ ನಿರ್ದೇಶಕರು ಹೇಳಿದರು. ಉಡುಪಿಯಲ್ಲಿ ವಿರಾಮದ ವೇಳೆಗೆ ಚಹಾದ ಮೇಜಿನ ಸುತ್ತ ನಡೆದ ಮಾತೆಲ್ಲ ಇದರ ಸುತ್ತವೇ. “ಅವ ಅಷ್ಟು ಬೆಳ್ಳಗಿದ್ದಾನೆ ಮಾರಾಯ್ರೆ, ಅವನನ್ನು ಕರಿಯ ಅಂತ ನಂಬುವುದು ಹೇಗೆ?” ಎಂದು ಒಬ್ಬರು ನಿಜವಾದ ಬೇಸರದಿಂದ ಕೇಳಿದರು. ಹತ್ತಾರು ವರ್ಷ ಮೇಳದಲ್ಲಿ ತಿರುಗಾಟ ಮಾಡಿ ಈಗ ನಿವೃತ್ತರಾಗಿರುವ ಯಕ್ಷಗಾನ ಕಲಾವಿದರೊಬ್ಬರು ಅಲ್ಲಿದ್ದರು. ಅವರ ಆಕ್ಷೇಪಕ್ಕೆ ಇನ್ನೂ ಹೆಚ್ಚಿನ ತೂಕವಿತ್ತು. “ಚೌಕಿಯಲ್ಲಿ ಬಣ್ಣಕ್ಕೆ ಕುಳಿತಾಗಲೇ ಅರ್ಧ ವೇಷ ಆಗುವುದು. ಬಣ್ಣ ಹಚ್ಚದೆ ಬಂದರೆ ನೋಡುವವನಿಗೆ ನೀವು ಯಾರೆಂದು ಗೊತ್ತಾಗುವುದು ಎಂತದರಿಂದ?” ಎಂದರು.

ಅವರ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಅವರದ್ದೇ ರಂಗಸ್ಥಳ. ನಾವು ಕರಾವಳಿಯವರು ಬಣ್ಣ ಓದುವುದನ್ನು ಅಕ್ಷರ ಓದುವುದಕ್ಕಿಂತ ಮೊದಲೇ ಕಲಿತವರು. ಪಂಚವಟಿಯ ಪ್ರಸಂಗದಲ್ಲಿ ಕಪ್ಪು ಮುಖದ ಹೆಣ್ಣುಬಣ್ಣವಾಗಿ, ಅಂದರೆ ರಾಕ್ಷಸಿಯ ವೇಷದಲ್ಲಿ, ಶೂರ್ಪನಖಿ ಅಬ್ಬರಿಸಿಕೊಂಡು ಬರುತ್ತಾಳೆ. ಮಕ್ಕಳು ಅಮ್ಮನ ಸೆರಗಿಗೆ ಅಂಟಿಕೊಳ್ಳುತ್ತಾರೆ, ದೊಡ್ಡವರು ನಗುತ್ತಾರೆ. ರಾಮನ ಮೇಲೆ ಮನಸ್ಸಾದ ಕೂಡಲೇ ಅವಳು ಆ ಮುಖದಲ್ಲಿ ಅವನೆದುರು ಹೋಗುವಂತಿಲ್ಲ. ಅವಳು ಒಳಗೆ ಸರಿಯುತ್ತಾಳೆ, ಮಾಯಾ ಶೂರ್ಪನಖಿಯಾಗಿ ಬೇರೆಯೇ ಒಬ್ಬ ಕಲಾವಿದ ಸ್ತ್ರೀವೇಷದಲ್ಲಿ, ಬೆಳ್ಳನೆಯ ಮುಖದಲ್ಲಿ, ನಾಜೂಕಾಗಿ ಕುಣಿಯುತ್ತ ಬರುತ್ತಾನೆ. ಒಂದೇ ಪಾತ್ರ, ಒಂದೇ ಆಸೆ, ಆದರೆ ಆಸೆ ಹೇಳಿಕೊಳ್ಳುವುದಕ್ಕೆ ಮೈಬಣ್ಣ ಮಾತ್ರವಲ್ಲ, ಮನುಷ್ಯನೇ ಬದಲಾಗಬೇಕು. ಇದನ್ನು ನೂರು ಸಲ ನೋಡಿದ್ದೇನೆ, ನೂರು ಸಲವೂ ಮೆಚ್ಚಿದ್ದೇನೆ, ಇನ್ನೂ ಮೆಚ್ಚುತ್ತೇನೆ. ಆ ಕಲೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸೀಮೆಸುಣ್ಣದ ನೀರು ಕುಡಿಯುವ ಹುಡುಗನ ಕಥೆ ನಮಗೆ ಹೊರಗಿನದ್ದು ಎಂದು ಹೇಳುವಾಗ, ನಾವು ರಾತ್ರಿಯಿಡೀ ಎಚ್ಚರವಿದ್ದು ನೋಡಿದ ಆಟಗಳನ್ನು ಮರೆತು ಹೇಳುತ್ತೇವೆ ಎಂಬುದಷ್ಟೇ ನನ್ನ ಮಾತು.

ಪ್ರದರ್ಶನ ಮುಗಿದ ಮೇಲೆ ಸಂವಾದವಿತ್ತು. ಅಲ್ಲಿಯೂ ಬಣ್ಣದ ಪ್ರಶ್ನೆಯೇ ಮೊದಲು ಬಂತು. ಒಬ್ಬ ಹಿರಿಯರು ಎದ್ದು ನಿಂತು, ಶಿಕ್ಷಕಿಯನ್ನು ಹೊಗಳುತ್ತಲೇ, “ಅಮ್ಮಾ, ನಿಮ್ಮ ಅಭಿನಯ ಬಹಳ ಲಾಯ್ಕ ಆಯಿತು, ಆದರೆ ಬಿಳಿಯ ಹೆಂಗಸಿನ ಪಾತ್ರಕ್ಕೆ ನೀವು ಸ್ವಲ್ಪ ಬಣ್ಣ ಕಡಿಮೆ ಅಲ್ವಾ?” ಎಂದರು. ‘ಬಣ್ಣ ಕಡಿಮೆ’ ಎಂಬುದು ನಮ್ಮ ಕಡೆಯ ಸಭ್ಯರ ಮಾತು. ಕಪ್ಪು ಎನ್ನುವುದಕ್ಕೆ ಬಾಯಿ ಬಾರದವರು ಬಳಸುವ ಮಾತು. ಬಣ್ಣವೆಂದರೆ ಬಿಳುಪು ಮಾತ್ರ, ಉಳಿದದ್ದೆಲ್ಲ ಅದರ ಕೊರತೆ ಎಂಬ ಒಂದು ಇಡೀ ನಂಬಿಕೆ ಆ ಎರಡು ಶಬ್ದಗಳಲ್ಲಿ ಕುಳಿತಿದೆ. ಶಿಕ್ಷಕಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಹೌದು ಸರ್, ನನ್ನನ್ನು ನೋಡಲು ಬಂದ ಎರಡು ಮನೆಯವರೂ ಅದನ್ನೇ ಹೇಳಿ ಹೋಗಿದ್ದಾರೆ” ಎಂದರು. ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಹಿರಿಯರು ಒಂದು ಕ್ಷಣ ನಿಂತೇ ಇದ್ದು, ಕುಳಿತುಕೊಂಡರು. ಇಷ್ಟು ಹೊತ್ತು ನಾಟಕದಲ್ಲಿ ಬೆಳ್ಳಗಿನ ಹುಡುಗನನ್ನು ಕರಿಯನೆಂದು ಬೈದವಳು ಅವಳು ಎಂಬುದು ನಮಗೆಲ್ಲ ಆಗ ನೆನಪಾಯಿತು. ನಿರ್ದೇಶಕರು ಪಾತ್ರ ಹಂಚಿದ್ದರ ಅರ್ಥ ಬಿಡಿಸಿ ಹೇಳುವ ಅಗತ್ಯ ಅದರ ಮೇಲೆ ಯಾರಿಗೂ ಉಳಿಯಲಿಲ್ಲ.

ಇನ್ನು ಮಂಗಳೂರಿನ ಸಂಜೆಯ ಮಾತು. ಉಡುಪಿಯಲ್ಲಿ ಅಷ್ಟಾಗಿ ಗಮನಕ್ಕೆ ಬಾರದೆ ಸರಿದುಹೋಗಿದ್ದ ಒಂದು ದೃಶ್ಯ ಮಂಗಳೂರಿನಲ್ಲಿ ಸಭೆಯ ಉಸಿರು ಕಟ್ಟಿಸಿತು. ಅದು ಚರ್ಚಿನ ಮುಂದಿನ ದೃಶ್ಯ. ಜಿಮ್ ಮತ್ತು ಎಲಾ ಮದುವೆ ಮುಗಿಸಿ ಹೊರಗೆ ಬರಬೇಕು. ಗಂಟೆ ಬಾರಿಸುತ್ತದೆ. ಸುತ್ತಲಿನ ಮನೆಗಳಿಂದ ಜನ ಹೊರಬಂದು ಚರ್ಚಿನ ಗೇಟಿನ ಎರಡು ಬದಿಗೆ, ಬಿಳಿಯರು ಒಂದು ಸಾಲು, ಕಪ್ಪು ಜನ ಒಂದು ಸಾಲು, ಕಲ್ಲಿನಂತೆ ನಿಲ್ಲುತ್ತಾರೆ. ಯಾರೂ ಕೈಯೆತ್ತುವುದಿಲ್ಲ, ಯಾರೂ ಬೈಯುವುದಿಲ್ಲ. ದಂಪತಿ ಆ ಎರಡು ಸಾಲುಗಳ ಮಧ್ಯೆ ನಡೆದು ಹೋಗಬೇಕು, ಅಷ್ಟೇ. ಎಲಾಳ ಕಾಲು ಏಳುವುದಿಲ್ಲ. ಜಿಮ್ ಆಕಾಶ ನೋಡು, ಸೂರ್ಯನ ಬೆಳಕು ನೋಡು ಎಂದು ಮಗುವಿಗೆ ಹೇಳಿದಂತೆ ಹೇಳುತ್ತ ಅವಳನ್ನು ನಡೆಸುತ್ತಾನೆ. ಆ ಎರಡು ನಿಮಿಷ ಪುರಭವನದಲ್ಲಿ ಕುರ್ಚಿ ಕಿರುಗುಟ್ಟಿದ್ದೂ ಕೇಳಿಸಲಿಲ್ಲ.

ಕಾರಣ ಊಹಿಸಲು ಕಷ್ಟವಿಲ್ಲ. 2009ರ ಜನವರಿ 24ರಂದು ಇದೇ ಊರಿನ ಪಬ್ಬೊಂದಕ್ಕೆ ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದ ದೃಶ್ಯವನ್ನು ದೇಶವೇ ಟಿವಿಯಲ್ಲಿ ನೋಡಿತು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾಯಿತು. ಬೇರೆ ಬೇರೆ ಧರ್ಮದ ಇಬ್ಬರು ಸಹಪಾಠಿಗಳು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತದ್ದಕ್ಕೆ ಬಸ್ಸು ನಿಲ್ಲಿಸಿದ ಸುದ್ದಿಗಳನ್ನು ಓದಿ ಓದಿ ನಮಗೆ ಅಭ್ಯಾಸವಾಗಿದೆ. ಆ ದಿನ ಸಭೆಯಲ್ಲಿದ್ದ ಕಾಲೇಜು ಮಕ್ಕಳಿಗೆ ಎರಡು ಸಾಲುಗಳ ನಡುವೆ ನಡೆಯುವುದೆಂದರೆ ಏನೆಂದು ಓನೀಲ್ ಹೇಳಿಕೊಡಬೇಕಾಗಿರಲಿಲ್ಲ. ನನಗೆ ಮಾತ್ರ ಆ ಹೊತ್ತಿಗೆ ಕಣ್ಣೆದುರು ಬಂದದ್ದು ಇವುಗಳಲ್ಲಿ ಯಾವುದೂ ಅಲ್ಲ. ನೋಂದಣಿ ಕಚೇರಿಯ ನೋಟಿಸ್ ಬೋರ್ಡು. 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮದುವೆಯಾಗುವವರು ಮೊದಲು ನೋಟಿಸು ಕೊಡಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಆಕ್ಷೇಪಣೆಗೆ 30 ದಿನ ಕಾಯಬೇಕು. ನನ್ನ ಸ್ನೇಹಿತನೊಬ್ಬ ಹಾಗೆ ಮದುವೆಯಾದ. ಆ ಮೂವತ್ತು ದಿನ ಅವನು ದಿನ ಬಿಟ್ಟು ದಿನ ಕಚೇರಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಆ ಹಾಳೆಯ ಎದುರು ಯಾರು ನಿಂತಿದ್ದಾರೆ, ಯಾರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಾರೆ ಎಂದು ದೂರದಿಂದ ನೋಡಿ ಬರುತ್ತಿದ್ದ. ಸಾಕ್ಷಿ ಹಾಕಲು ಹೋದ ನಾನು ಆ ಹಾಳೆಯನ್ನು ನೋಡಿದ್ದೇನೆ. ಎರಡು ಚಿಕ್ಕ ಫೋಟೊ, ಎರಡು ವಿಳಾಸ, ಒಂದು ಮೂಲೆಯ ಗೋಂದು ಬಿಟ್ಟು ಗಾಳಿಗೆ ಹಾರಾಡುತ್ತಿತ್ತು.

ನಾಟಕ ಆಡಿದ ಆ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. 1859ರಲ್ಲಿ ಹುಟ್ಟಿದ, ಸಾರಸ್ವತ ಬ್ರಾಹ್ಮಣ ಮನೆತನದ ರಂಗರಾಯರು 1897ರಲ್ಲಿ ದಲಿತ ಮಕ್ಕಳ ಶಾಲೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು, ಅದಕ್ಕಾಗಿ ಸ್ವಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬ ಅವರ ಆಸೆಯನ್ನು ಮಂಗಳೂರಿನವರು ಇಂದಿಗೂ ಭಾಷಣಗಳಲ್ಲಿ ಹೇಳುತ್ತಾರೆ. ಭಾಷಣಗಳಲ್ಲಿ ಅಷ್ಟಾಗಿ ಬಾರದ ಇನ್ನೊಂದು ಸಂಗತಿಯೆಂದರೆ, ಅವರ ಮಗಳು ರಾಧಾಬಾಯಿ ಜಾತಿಯ ಹೊರಗೆ, ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಮನೆತನದ ಸುಬ್ಬರಾಯನ್ ಅವರನ್ನು ಮದುವೆಯಾದರು; ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಪ್ರಧಾನಿ (ಇಂದಿನ ಮಾತಿನಲ್ಲಿ ಮುಖ್ಯಮಂತ್ರಿ) ಆದರು, ರಾಧಾಬಾಯಿ 1938ರಲ್ಲಿ ಕೇಂದ್ರದ ಮೇಲ್ಮನೆಯಾಗಿದ್ದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದರು. ಪ್ರವೇಶದ್ವಾರದ ಮೇಲೆ ಹೆಸರು ಬರೆದಿರುವ ಮನುಷ್ಯ ಶತಮಾನದ ಹಿಂದೆ ತನ್ನ ಮನೆಯೊಳಗೆ ಒಪ್ಪಿಕೊಂಡದ್ದನ್ನು ಒಳಗಿನ ವೇದಿಕೆಯ ಮೇಲೆ ನೋಡಿ ನಾವು ಉಸಿರು ಬಿಗಿಹಿಡಿದೆವು.

ಮಂಗಳೂರಿನ ಸಂವಾದ ಉಡುಪಿಯದಕ್ಕಿಂತ ಬಿಸಿಯಾಗಿತ್ತು. “ಇದು ಅಮೆರಿಕದವರ ರೋಗ, ನಮಗೆ ಅದರ ಔಷಧಿ ಯಾಕೆ?” ಎಂದು ಒಬ್ಬರು ಕೇಳಿದರು. ಇನ್ನೊಬ್ಬರು, “ನಮ್ಮ ಉಡುಪಿ ಕೃಷ್ಣನೇ ಕಪ್ಪು. ಕೃಷ್ಣ ಎಂದರೇ ಕಪ್ಪು ಎಂದು ಅರ್ಥ. ಕಪ್ಪು ದೇವರಿಗೆ ಕೈ ಮುಗಿಯುವವರಲ್ಲಿ ಬಣ್ಣದ ಭೇದ ಇರಲಿಕ್ಕೆ ಸಾಧ್ಯ ಉಂಟಾ?” ಎಂದರು. ಅವರ ಮಾತಿನಲ್ಲಿ ಭಕ್ತಿ ಇತ್ತು, ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಕನಕನ ಕಿಂಡಿಯ ಮುಂದೆ ನಿಂತು ಆ ಕಪ್ಪು ಶಿಲೆಯ ಮೇಲೆ ದೀಪದ ಬೆಳಕು ಜಾರುವುದನ್ನು ನೋಡಿದ ಯಾರಿಗೂ ಆ ಚೆಲುವು ಮರೆಯದು. ಆದರೆ ಅದೇ ಕೃಷ್ಣ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ನೀಲಿಯಾಗುತ್ತಾನೆ, ಅಷ್ಟಮಿಯ ದಿನ ಮುದ್ದುಕೃಷ್ಣ ಸ್ಪರ್ಧೆಗೆ ಮಕ್ಕಳಿಗೆ ವೇಷ ಹಾಕುವಾಗ ಪೌಡರು ಬಳಿಸಿಕೊಂಡು ಬೆಳ್ಳಗಾಗುತ್ತಾನೆ. ದೇವರ ಬಣ್ಣವನ್ನೇ ತಿದ್ದದೆ ಬಿಡದವರು ಸೊಸೆಯ ಬಣ್ಣವನ್ನು ಬಿಡುತ್ತೇವೆಯೇ? ‘ನಮ್ಮಲ್ಲಿ ಕಪ್ಪು ಜನಾಂಗವೇ ಇಲ್ಲ’ ಎಂದವರಿಗೆ ತಂಡದ ಹುಡುಗನೊಬ್ಬ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳಲ್ಲಿ ನೂರಾರು ವರ್ಷಗಳಿಂದ ಬಾಳುತ್ತಿರುವ, ಆಫ್ರಿಕಾ ಮೂಲದ ಸಿದ್ದಿಗಳು ಕೊಂಕಣಿ, ಕನ್ನಡ ಮಾತಾಡುವ ನಮ್ಮದೇ ಜನ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು ಎಂದು ನೆನಪಿಸಿದ.

ಕೊನೆಗೆ ಯಾರಾದರೂ ಹೇಳಿಯೇ ಹೇಳುತ್ತಾರೆಂದು ನಾನು ಕಾದಿದ್ದ ಮಾತೂ ಬಂತು: ಅವರಿಗೆ ಬಣ್ಣ ಹೇಗೋ ನಮಗೆ ಜಾತಿ ಹಾಗೆ. ಸಭೆ ತಲೆದೂಗಿತು. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜಿಮ್ ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡ ಕ್ಷಣವೇ ಅವನು ಯಾರೆಂದು ಗೊತ್ತಾಗುತ್ತದೆ. ಅವನಿಗೆ ಮುಚ್ಚಿಡುವುದಕ್ಕೆ ಏನೂ ಇಲ್ಲ. ನಮ್ಮಲ್ಲಿ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ, ಆದ್ದರಿಂದ ಕೇಳಬೇಕಾಗುತ್ತದೆ. ಎಲ್ಲಿಯವರು, ಮನೆ ಎಲ್ಲಿ, ಯಾರ ಪೈಕಿ, ತುಳುವರಾದರೆ ‘ಬರಿ’ (ಕುಲದ ಹೆಸರು) ಯಾವುದು ಎಂದು ಮದುವೆಯ ಊಟದ ಪಂಕ್ತಿಯಲ್ಲಿ ಪಾಯಸ ಬರುವಷ್ಟರೊಳಗೆ ಪಕ್ಕದವರು ನಯವಾಗಿ ಕೇಳಿ ಮುಗಿಸಿರುತ್ತಾರೆ. ಪ್ರೀತಿಯ ಮಾತಿನಂತೆ ಕಾಣುವ ಆ ಪ್ರಶ್ನೆಗಳಿಗೆ ಉತ್ತರ ಕೊಡುವಾಗ ಎದೆ ಹೊಡೆದುಕೊಳ್ಳುವವರ ಪಾಡು ಜಿಮ್‌ನದಕ್ಕಿಂತ ಬೇರೆ. ಎರಡನ್ನೂ ಒಂದೇ ಎಂದು ಹೇಳಿಬಿಟ್ಟರೆ ಜಾತಿಯೂ ಸರಿಯಾಗಿ ಕಾಣುವುದಿಲ್ಲ, ನಮ್ಮೊಳಗೆ ಜಾತಿಯ ಜೊತೆಗೇ ಇರುವ ಬಣ್ಣದ ಹುಚ್ಚು ಕಾಣುವುದೇ ಇಲ್ಲ. ಒಂದೇ ಜಾತಿಯೊಳಗಿನ ಹೆಣ್ಣು ನೋಡುವ ಶಾಸ್ತ್ರದಲ್ಲಿ ‘ಬಣ್ಣ ಕಡಿಮೆ’ ಎಂಬ ಮಾತು ಬಂದದ್ದು ಜಾತಿಯಿಂದಲ್ಲ. 2020ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ತನ್ನ ಹೆಸರಿನಿಂದ ಬಿಳುಪನ್ನು ತೆಗೆದು ‘ಗ್ಲೋ’ ಎಂದು ಸೇರಿಸಿಕೊಂಡಿತು. ಅಂಗಡಿಯಲ್ಲಿ ಕೇಳುವವರು ಇಂದಿಗೂ ಹಳೆಯ ಹೆಸರಿನಲ್ಲೇ ಕೇಳುತ್ತಾರೆ.

ನಾಟಕವನ್ನೇ ಪ್ರಶ್ನಿಸಿದವರೂ ಇದ್ದರು, ಮತ್ತು ಆ ಸಂಜೆಯ ಅತ್ಯಂತ ಬೆಲೆಯುಳ್ಳ ಮಾತುಗಳು ಅವರವು. ಜಿಮ್ ಯಾಕೆ ಇಷ್ಟು ತಗ್ಗಿ ನಡೆಯುತ್ತಾನೆ, ಕೊನೆಗೆ ಹುಚ್ಚಿಯಾದ ಹೆಂಡತಿಯ ಎದುರು ಮಂಡಿಯೂರಿ ದೇವರಿಗೆ ಕೃತಜ್ಞತೆ ಹೇಳುವ ಗಂಡನನ್ನು ಕಲ್ಪಿಸಿದ್ದು ಬಿಳಿಯ ನಾಟಕಕಾರನ ಸುಖಕ್ಕಾಗಿಯೇ ಅಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. 1924ರಲ್ಲಿ ಕಪ್ಪು ಜನರ ನಡುವೆಯೂ ಈ ಅಸಮಾಧಾನ ಇತ್ತು. ನನಗೂ ಕೊನೆಯ ದೃಶ್ಯ ಒಪ್ಪಿಗೆಯಾಗುವುದಿಲ್ಲ. ಗೋಡೆಗಳು ಹತ್ತಿರ ಹತ್ತಿರ ಸರಿದು, ಮಾಡು ತಗ್ಗಿ, ಗೋಡೆಗೆ ತೂಗಹಾಕಿದ ಕಾಂಗೋದ ಮುಖವಾಡ ದೊಡ್ಡದಾಗುತ್ತ ಬರುವ ಎರಡನೇ ಅಂಕವನ್ನು ಬರೆದ ಕೈ, ಇಬ್ಬರನ್ನೂ ಮತ್ತೆ ಮಕ್ಕಳನ್ನಾಗಿ ಮಾಡಿ ಬಿಡುಗಡೆ ಕೊಟ್ಟದ್ದು ಸೋತ ಬರವಣಿಗೆಯೆಂದೇ ನನ್ನ ಭಾವನೆ.

ನೂರು ವರ್ಷಗಳ ಅನಂತರ ಈಗ ಅಮೆರಿಕದಲ್ಲಿ ಇದೇ ವಿಷಯವನ್ನು ಕಪ್ಪು ನಾಟಕಕಾರರೇ ಬರೆಯುತ್ತಿದ್ದಾರೆ. ಜೆರೆಮಿ ಓ. ಹ್ಯಾರಿಸ್ ಅವರ ‘ಸ್ಲೇವ್ ಪ್ಲೇ’ 2019ರಲ್ಲಿ ಬ್ರಾಡ್‌ವೇಗೆ ಬಂದಾಗ ಅದರ ರಂಗಸಜ್ಜಿಕೆಯ ತುಂಬ ಕನ್ನಡಿಗಳಿದ್ದವು. ಮೂರು ಮಿಶ್ರ ಜೋಡಿಗಳ ಮಲಗುವ ಕೋಣೆಯ ಕಥೆಯನ್ನು ನೋಡುವ ಪ್ರೇಕ್ಷಕರಿಗೆ ತಮ್ಮ ಮುಖಗಳೂ ಕಾಣುತ್ತಿದ್ದವು. ಒಂದು ರಾತ್ರಿ ಇಡೀ ರಂಗಮಂದಿರದ 804 ಆಸನಗಳಿಗೆ ಕಪ್ಪು ಪ್ರೇಕ್ಷಕರನ್ನೇ ಆಹ್ವಾನಿಸಿದರು. 2024ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮ ಅನುಸರಿಸಿದಾಗ ಪ್ರಧಾನಿ ಕಚೇರಿಯ ವಕ್ತಾರರೇ ಆಕ್ಷೇಪಿಸಿದರು. ಅದು ಸರಿಯೇ ತಪ್ಪೇ ಎಂದು ಇಲ್ಲಿ ಕುಳಿತು ತೀರ್ಪು ಕೊಡುವುದಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಪ್ರಶ್ನೆ ನನಗೆ ಮುಖ್ಯ: ಪಕ್ಕದಲ್ಲಿ ಯಾರು ನಗುತ್ತಿದ್ದಾರೆ ಎಂಬುದರ ಮೇಲೆ ನಾಟಕ ಬೇರೆಯಾಗುತ್ತದೆಯೇ? ಆಗುತ್ತದೆ ಎಂದು ನನಗೆ ತಿಳಿದದ್ದು ಮಂಗಳೂರಿನ ಆ ಸಂಜೆ.

ಎರಡನೇ ಅಂಕದಲ್ಲಿ ಮನಸ್ಸು ಕೆಟ್ಟ ಎಲಾ ಗಂಡನನ್ನು ಅವನ ಬಣ್ಣ ಹಿಡಿದು ಬೈಯುತ್ತಾಳೆ. ಮೂಲದ ಆ ಶಬ್ದ ಇಂಗ್ಲಿಷಿನಲ್ಲಿ ಇವತ್ತು ಯಾರೂ ಬಾಯಿ ಬಿಟ್ಟು ಹೇಳಬಾರದ ಶಬ್ದ. ಅನುವಾದಕರು ‘ಕರಿಯ’ ಎಂದೇ ಇಟ್ಟಿದ್ದರು. ಕನ್ನಡದಲ್ಲಿ ಕರಿಯ ಎಂಬುದು ಮನುಷ್ಯನ ಹೆಸರು, ಎತ್ತಿನ ಹೆಸರು, ಗೆಳೆಯನನ್ನು ಕರೆಯುವ ಸಲಿಗೆ, ಬೈಗುಳ, ಎಲ್ಲವೂ ಹೌದು. ಯಾವ ಬಾಯಿಂದ ಯಾರಿಗೆ ಬರುತ್ತದೆ ಎಂಬುದರ ಮೇಲೆ ಅದರ ಅರ್ಥ. ಉಡುಪಿಯಲ್ಲಿ ಆ ಮಾತಿಗೆ ಯಾರೂ ನಕ್ಕಿರಲಿಲ್ಲ. ಮಂಗಳೂರಿನಲ್ಲಿ ಹಿಂದಿನ ಸಾಲುಗಳ ಹುಡುಗರ ಗುಂಪು ಜೋರಾಗಿ ನಕ್ಕಿತು, ಒಬ್ಬ ಶಿಳ್ಳೆಯನ್ನೂ ಹಾಕಿದ. ಎಲಾ ಎರಡನೇ ಸಲ ಆ ಶಬ್ದ ಹೇಳಿದಾಗ ನಗು ಇನ್ನೂ ದೊಡ್ಡದಾಗಿತ್ತು. ಶಿಕ್ಷಕಿ ಮಾತು ನಿಲ್ಲಿಸದೆ ಮುಂದುವರಿದರು.

ನಾನು ಕುಳಿತಿದ್ದ ಬದಿಯ ಸಾಲಿನಲ್ಲಿ, ಎರಡು ಕುರ್ಚಿ ಆಚೆ, ಒಬ್ಬ ಯುವತಿ ಇದ್ದಳು. ತಾಂಜಾನಿಯಾದವಳು, ನಗರದಲ್ಲಿ ಫಾರ್ಮಸಿ ಓದುತ್ತಿದ್ದಾಳೆ. ನಾಟಕದ ಇಂಗ್ಲಿಷ್ ಮೂಲವನ್ನು ಊರಿನಲ್ಲಿದ್ದಾಗಲೇ ಓದಿದ್ದಳಂತೆ; ಭಿತ್ತಿಪತ್ರದಲ್ಲಿ ನಾಟಕಕಾರನ ಹೆಸರು ನೋಡಿ ಒಬ್ಬಳೇ ಬಂದಿದ್ದಳು. ಕನ್ನಡ ಬಾರದೆಯೂ ಪೂರ್ತಿ ಕುಳಿತು ನೋಡಿದಳು. ಸಂವಾದ ಮುಗಿದು ಹೊರಗೆ ಬರುವಾಗ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಕಡೆಗೆ ನಾವಿಬ್ಬರೂ ಒಂದೇ ದಾರಿ ಹಿಡಿದಿದ್ದೆವು. ರಾತ್ರಿ ಒಂಬತ್ತು ದಾಟಿತ್ತು. ಮಳೆ ಬಂದು ನಿಂತ ರಸ್ತೆಯಲ್ಲಿ ಆಟೋಗಳ ದೀಪ ಹೊಳೆಯುತ್ತಿತ್ತು.

ಜನ ಎಲ್ಲೆಲ್ಲಿ ನಕ್ಕರು, ಅಲ್ಲಿ ಏನು ಮಾತಿತ್ತು ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಮೊದಲನೆಯದು ಸೀಮೆಸುಣ್ಣದ ನೀರು ಎಂದೆ. ತಾನೂ ಮೊದಲ ಸಲ ಓದಿದಾಗ ಆ ಸಾಲಿಗೆ ನಕ್ಕಿದ್ದೆ ಎಂದಳು, ಅವಳ ಊರಿನ ಅಂಗಡಿಗಳಲ್ಲಿಯೂ ಬೆಳ್ಳಗಾಗುವ ಕ್ರೀಮು ಮಾರುತ್ತಾರಂತೆ, ಅವಳ ಚಿಕ್ಕಮ್ಮ ಹಚ್ಚಿಕೊಂಡು ಕೆನ್ನೆ ಸುಟ್ಟುಕೊಂಡಿದ್ದರಂತೆ. ನಾನು ಕೇಸರಿ ಹಾಲಿನ ಕಥೆ ಹೇಳಿದೆ. ಅದಕ್ಕೆ ಇಬ್ಬರೂ ನಕ್ಕೆವು. ಆಮೇಲೆ ಅವಳು, ಎರಡನೆಯ ಸಲದ್ದು, ಹಿಂದಿನಿಂದ ಹುಡುಗರು ನಕ್ಕದ್ದು ಯಾವ ಮಾತಿಗೆ ಎಂದು ಕೇಳಿದಳು.

ಅದು ಮಾತಿನ ಒಂದು ತಮಾಷೆ, ಅನುವಾದ ಮಾಡಿ ಹೇಳುವುದು ಕಷ್ಟ ಎಂದೆ.

ಅವಳು ನಡೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ, ಅನುವಾದ ಬೇಡ, ಆ ಶಬ್ದ ನನಗೆ ಗೊತ್ತು ಎಂದಳು. “ಕರಿಯ,” ಎಂದು ಸ್ಪಷ್ಟವಾಗಿ, ನಮ್ಮೂರಿನವರ ಹಾಗೆಯೇ ಉಚ್ಚರಿಸಿದಳು. ಈ ಊರಿಗೆ ಬಂದ ಮೊದಲ ವಾರ ಬಸ್ಸಿನಲ್ಲಿ ಕಲಿತದ್ದಂತೆ. ಅವಳಿಗೆ ಗೊತ್ತಿದ್ದ ಕನ್ನಡದಲ್ಲಿ ಅದೇ ಮೊದಲನೆಯದು. ಊಟ, ನೀರು, ಎಷ್ಟು, ಇಳಿಯಬೇಕು, ಇವೆಲ್ಲ ಆಮೇಲೆ ಬಂದವು. ನಿಲ್ದಾಣದಲ್ಲಿ ಕೊನೆಯ ಬಸ್ಸುಗಳ ಕಂಡಕ್ಟರುಗಳು ಊರ ಹೆಸರು ಕೂಗುತ್ತಿದ್ದರು. ಅವಳ ಬಸ್ಸು ಮೊದಲು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಬಸ್ಸು ತುಂಬಿತು, ನಿಂತವರೂ ಇದ್ದರು, ಅವಳ ಪಕ್ಕದ ಸೀಟು ಹೊರಡುವವರೆಗೂ ಖಾಲಿ ಇತ್ತು.